ರಿಸರ್ಚ್ ಮುಂದೆ, ಬಂದೂಕು ಹಿಂದೆ: ಯುದ್ಧದ ಆಟದಲ್ಲಿ ಎಐ ದೇಶಗಳ ತಂತ್ರಜ್ಞಾನವನ್ನು ಸರಿದೂಗಿಸಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ಮಾಡ್‌ನ (ಆಡುವವರೇ ಕಂಪ್ಯೂಟರ್ ಆಟಕ್ಕೆ ಮಾಡುವ ಮಾರ್ಪಾಡು) ಹೆಸರನ್ನಾಗಲಿ, ಅದನ್ನು ಕಟ್ಟಿದವರ ಹೆಸರು, ಊರುಗಳನ್ನಾಗಲಿ ಇಲ್ಲಿ ಕೊಟ್ಟಿಲ್ಲ. ತಂಡದವರನ್ನು ಅವರವರ ಕೆಲಸದಿಂದಲೇ ಕರೆದಿದ್ದೇನೆ: ಫೈಲ್ ಬರೆಯುವವರು, ಇತಿಹಾಸ ನೋಡಿಕೊಳ್ಳುವವರು, ಪರೀಕ್ಷೆ ನಡೆಸುವವರು. ಆಟ ಹಲವರಿಗೆ ಗೊತ್ತಿರುವುದೇ: ಎರಡನೇ ಮಹಾಯುದ್ಧವನ್ನು 1936ರಿಂದ ಆಡಿಸುವ ‘ಹಾರ್ಟ್ಸ್ ಆಫ್ ಐರನ್ 4’. ಕೆಲಸ ನಡೆದದ್ದು 2019ರ ಫೆಬ್ರವರಿಯಲ್ಲಿ ‘ಮ್ಯಾನ್ ದಿ ಗನ್ಸ್’ ಎಂಬ ಹೆಚ್ಚುವರಿ ಕಂತು ಬಂದ ಮೇಲೆ, 2021ರ ನವೆಂಬರ್‌ನಲ್ಲಿ ‘ನೋ ಸ್ಟೆಪ್ ಬ್ಯಾಕ್’ ಎಂಬ ಇನ್ನೊಂದು ಕಂತು ಬರುವ ಮೊದಲು. ಈ ಅವಧಿಯನ್ನು ನೆನಪಿಟ್ಟುಕೊಂಡು ಓದಬೇಕು. ಆಗ ಭೂಸೇನೆಯ ಡಾಕ್ಟ್ರಿನ್ (ಹೋರಾಡುವ ವಿಧಾನದ ಸಿದ್ಧಾಂತ) ಕೂಡ ಸಂಶೋಧನೆಯ ಸ್ಲಾಟನ್ನೇ ತಿನ್ನುತ್ತಿತ್ತು. ಜೊತೆಗೆ ಇಂಧನದ ಲೆಕ್ಕ ಆಟಕ್ಕೆ ಹೊಸದಾಗಿ ಸೇರಿತ್ತು.

ಹಿನ್ನೆಲೆ

ಆಟದಲ್ಲಿ ಪ್ರತಿ ದೇಶಕ್ಕೂ ಇರುವುದು ಕೆಲವೇ ಸಂಶೋಧನಾ ಸ್ಲಾಟ್‌ಗಳು. ದೊಡ್ಡ ದೇಶಗಳಿಗೆ ಆರಂಭದಲ್ಲಿ ಮೂರೋ ನಾಲ್ಕೋ, ಸಣ್ಣ ದೇಶಗಳಿಗೆ ಸಾಮಾನ್ಯವಾಗಿ ಎರಡು. ಮುಂದೆ ರಾಷ್ಟ್ರೀಯ ಫೋಕಸ್‌ಗಳಿಂದ, ಅಂದರೆ ದೇಶ ಒಂದೊಂದಾಗಿ ಆರಿಸಿಕೊಳ್ಳುವ ಗುರಿಗಳಿಂದ, ಒಂದೆರಡು ಸೇರಬಹುದು. ಒಂದು ಸ್ಲಾಟಿನಲ್ಲಿ ಒಮ್ಮೆಗೆ ಒಂದೇ ವಿಷಯ. ಪ್ರತಿ ತಂತ್ರಜ್ಞಾನಕ್ಕೂ ಒಂದು ಇಸವಿ ಗೊತ್ತುಮಾಡಿದೆ: ಕಾಲಾಳಿನ ಆಯುಧಕ್ಕೆ 1936, 1939, 1942, ಫೈಟರ್ ವಿಮಾನಕ್ಕೆ 1936, 1940, 1944, ಮಧ್ಯಮ ಟ್ಯಾಂಕಿಗೆ 1939, 1941, 1943. ಇಸವಿ ಬರುವ ಮೊದಲೇ ಕೈಹಾಕಿದರೆ ದಂಡ ಬೀಳುತ್ತದೆ. ಒಂದು ವರ್ಷ ಮುಂಚೆ ಶುರುಮಾಡಿದರೆ ಹಿಡಿಯುವ ಕಾಲಕ್ಕೆ 200% ಸೇರುತ್ತದೆ, ಅಂದರೆ ಮೂರು ಪಟ್ಟು ಸಮಯ. ಆಟಗಾರ ಈ ದಂಡವನ್ನು ಕಣ್ಣಾರೆ ನೋಡಿ, ಫೋಕಸ್ ಕೊಡುವ ರಿಯಾಯಿತಿಯನ್ನು ಅದಕ್ಕೆ ಹೊಂದಿಸಿ, ಎಲ್ಲಿ ಮುಂದೆ ಓಡಬೇಕು ಎಲ್ಲಿ ತಡೆಯಬೇಕು ಎಂದು ನಿರ್ಧರಿಸುತ್ತಾನೆ.

ಎಐ, ಅಂದರೆ ಆಟಗಾರ ಹಿಡಿಯದ ದೇಶಗಳನ್ನು ಆಡಿಸುವ ಕಂಪ್ಯೂಟರ್, ಆರಿಸುವ ರೀತಿ ಬೇರೆ. ಸ್ಲಾಟ್ ಖಾಲಿಯಾದಾಗ ಆ ದೇಶಕ್ಕೆ ತೆರೆದಿರುವ ಎಲ್ಲ ತಂತ್ರಜ್ಞಾನಗಳಿಗೂ ಒಂದೊಂದು ತೂಕ ಲೆಕ್ಕವಾಗುತ್ತದೆ. ತೂಕ ಹೆಚ್ಚಿದ್ದುದು ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ಆ ತೂಕವನ್ನು ಮಾಡ್ ಮಾಡುವವರು ಫೈಲಿನಲ್ಲಿ ಬರೆಯಬಹುದು, ಜೊತೆಗೆ ಷರತ್ತುಗಳನ್ನೂ ಹಾಕಬಹುದು: ಯುದ್ಧದಲ್ಲಿದ್ದರೆ ಇಷ್ಟು, ಇಂತಿಷ್ಟು ಕಾರ್ಖಾನೆ ಇದ್ದರೆ ಇಷ್ಟು. ಈ ಪ್ರಕರಣದ ಉದ್ದಕ್ಕೂ ಎಲ್ಲರೂ ಕೈಯಾಡಿಸಿದ್ದು ಈ ತೂಕಗಳ ಮೇಲೆಯೇ.

ನಮ್ಮ ತಂಡದ ಮಾಡ್ ತಂತ್ರಜ್ಞಾನದ ಮರವನ್ನು ಬಿಡಿಬಿಡಿಯಾಗಿ ಹರಡಿತ್ತು. ಮೂಲ ಆಟದಲ್ಲಿ ಒಂದೇ ಹೆಜ್ಜೆಯಾಗಿದ್ದ ಟ್ಯಾಂಕ್ ಇಲ್ಲಿ ಗನ್, ಎಂಜಿನ್, ಕವಚ, ರೇಡಿಯೋ ಎಂದು ನಾಲ್ಕು ಬಾಗಿಲಾಯಿತು. ಫೈಟರ್‌ನ 1940 ಮತ್ತು 1944ರ ನಡುವೆ ಇನ್ನೂ ಮೆಟ್ಟಿಲುಗಳು ಬಂದವು. ಇತಿಹಾಸ ಪ್ರೀತಿಸುವವರಿಗೆ ಇದು ಹಬ್ಬ. ಜರ್ಮನಿಯ ಮೆಸ್ಸರ್‌ಶ್ಮಿಟ್ 109 ಫೈಟರ್ ‘ಇ’ ಮಾದರಿಯಿಂದ ‘ಜಿ’ ಮಾದರಿಗೆ ಹೋದ ದಾರಿ ಅಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣುತ್ತಿತ್ತು. ಸ್ಲಾಟ್‌ಗಳು ಮಾತ್ರ ಹಿಂದಿನಷ್ಟೇ ಉಳಿದವು. ಎರಡು ಒಲೆಯ ಅಡುಗೆಮನೆಯಲ್ಲಿ ಹಬ್ಬದಡುಗೆಯ ಪಟ್ಟಿ ಹಿಡಿದು ನಿಂತಂತಾಯಿತು ಎಐ ದೇಶಗಳ ಸ್ಥಿತಿ.

ಸಮಸ್ಯೆ

ಆಡುವವರಿಂದ ಬಂದ ದೂರು ಸರಳವಾಗಿತ್ತು: 1943ರ ಹೊತ್ತಿಗೆ ಎಐ ಸೇನೆಗಳು ಹಳಸಲು. ಜರ್ಮನಿ 1936ರ ಬಂದೂಕಿನಲ್ಲೇ ಮಾಸ್ಕೋ ಕಡೆಗೆ ಹೊರಟಿರುತ್ತದೆ, ಆದರೆ ಅದರ ರೇಡಾರ್ ಮುಂದಿನ ಇಸವಿಯದು. ಸೋವಿಯತ್ ಒಕ್ಕೂಟ ಭಾರೀ ಯುದ್ಧನೌಕೆಯ ಒಡಲನ್ನು ಸಂಶೋಧಿಸುತ್ತ ಕೂತಿರುತ್ತದೆ, ಟ್ಯಾಂಕ್ ನಿರೋಧಕ ಗನ್ ಮಾತ್ರ ಇರುವುದಿಲ್ಲ. ಹಂಗೇರಿ, ರೊಮೇನಿಯಾಗಳು ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ವಿಷಯಗಳಲ್ಲಿ ಒಂದೊಂದು ಹೆಜ್ಜೆ ಇಟ್ಟು ಎಲ್ಲಿಯೂ ತಲುಪಿರುವುದಿಲ್ಲ.

ದೂರು ಬಂದೊಡನೆ ಫೈಲಿಗೆ ಕೈಹಾಕದೆ ಪರೀಕ್ಷೆ ನಡೆಸುವವರು ಮೊದಲು ಅಳತೆಗೆ ಒಂದು ದಾರಿ ಮಾಡಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ ಅದು. ಕನ್ಸೋಲಿನಲ್ಲಿ ‘ಅಬ್ಸರ್ವ್’ ಆಜ್ಞೆ ಕೊಟ್ಟರೆ ಆಟಗಾರ ಯಾವ ದೇಶವನ್ನೂ ಹಿಡಿಯದೆ ನೋಡುಗನಾಗುತ್ತಾನೆ, ಎಲ್ಲವನ್ನೂ ಎಐ ಆಡುತ್ತದೆ. ಸೇವ್ ಫೈಲನ್ನು ಬೈನರಿಯಾಗಿ ಉಳಿಸದೆ ಓದಬಹುದಾದ ಪಠ್ಯವಾಗಿ ಉಳಿಸುವಂತೆ ಸೆಟ್ಟಿಂಗ್ಸ್ ಬದಲಿಸಿದರೆ, ಯಾವ ದೇಶ ಯಾವ ದಿನ ಏನನ್ನು ಕಲಿತಿತ್ತು ಎಂಬುದನ್ನು ಆಮೇಲೆ ಬಿಡಿಸಿ ನೋಡಬಹುದು. ಮಾಡ್‌ನ ಒಳಗಿಂದಲೇ ತಿಂಗಳಿಗೊಮ್ಮೆ ಲಾಗ್ ಸಾಲು ಬರೆಸಬಹುದು. ಪ್ರತಿ ಜನವರಿಗೆ ಒಂದು ಸೇವ್, ಪ್ರತಿ ತಿಂಗಳಿಗೆ ಒಂದು ಸಾಲು. 1936ರಿಂದ 1945ರವರೆಗೆ ರಾತ್ರಿಯಿಡೀ ಗರಿಷ್ಠ ವೇಗದಲ್ಲಿ ಆಟ ಓಡುತ್ತಿತ್ತು, ಬೆಳಿಗ್ಗೆ ಲಾಗ್ ತೆರೆಯುತ್ತಿದ್ದರು. ಒಂದು ಓಟದಲ್ಲಿ ಫ್ರಾನ್ಸ್ 1940ರಲ್ಲಿ ಬಿದ್ದರೆ ಇನ್ನೊಂದರಲ್ಲಿ ನಿಲ್ಲುತ್ತದೆ. ಆದ್ದರಿಂದ ಒಂದೇ ಓಟ ನೋಡಿ ತೀರ್ಮಾನ ಮಾಡಕೂಡದು ಎಂಬ ನಿಯಮವನ್ನೂ ಅವರೇ ಹಾಕಿದರು. ಯಾವ ಬದಲಾವಣೆಯನ್ನೇ ಆಗಲಿ, ಹಲವು ಓಟಗಳಲ್ಲಿ ಒಂದೇ ದಿಕ್ಕಿಗೆ ವಾಲಿದರೆ ಮಾತ್ರ ನಂಬುವುದು.

ಲಾಗ್ ನೋಡಿದಾಗ ಒಂದು ಕಾರಣ ತಕ್ಷಣ ಕಂಡಿತು. ಮೂಲ ಆಟದಲ್ಲಿ ಟ್ಯಾಂಕ್ ಎಂಬ ಕೊಂಬೆಯಲ್ಲಿ ಒಂದು ಹೊತ್ತಿಗೆ ಒಂದೆರಡು ಬಾಗಿಲು ತೆರೆದಿದ್ದರೆ, ಮಾಡ್‌ನಲ್ಲಿ ಆರೇಳು. ಪ್ರತಿಯೊಂದಕ್ಕೂ ಹಳೆಯ ತೂಕವನ್ನೇ ಕೊಟ್ಟಿದ್ದರು. ಹೀಗಾಗಿ ಯಾರೂ ಬೇಕೆಂದು ಬರೆಯದಿದ್ದರೂ ಟ್ಯಾಂಕ್ ಮತ್ತು ನೌಕೆಯ ಕೊಂಬೆಗಳ ಒಟ್ಟು ತೂಕ ಹಲವು ಪಟ್ಟಾಗಿತ್ತು. ಬಂದೂಕಿನ ಕೊಂಬೆಯಲ್ಲಿ ಮಾತ್ರ ಮೊದಲಿನಂತೆಯೇ ಒಂದು ಬಾಗಿಲು. ಡಾಕ್ಟ್ರಿನ್‌ಗೂ ಅದೇ ಗತಿ: ಕೈಗೆ ಸಿಗುವ ಆಯುಧವಿಲ್ಲದ ಆ ದೀರ್ಘ ಸಂಶೋಧನೆ ತೂಕದ ಸ್ಪರ್ಧೆಯಲ್ಲಿ ಸೋಲುತ್ತಲೇ ಇತ್ತು.

ಮೊದಲ ಪ್ರಯತ್ನ: ವೇಗ

ಕಾರಣ ಕಂಡರೂ ತಂಡ ಮೊದಲು ಹಿಡಿದದ್ದು ಹತ್ತಿರದ ದಾರಿ. ನೂರಾರು ತೂಕಗಳನ್ನು ಮತ್ತೆ ಬರೆಯುವುದಕ್ಕಿಂತ ಎಐ ದೇಶಗಳಿಗೆಲ್ಲ ಸಂಶೋಧನಾ ವೇಗದ ಒಂದು ಬೋನಸ್ ಕೊಟ್ಟರೆ ಹೆಚ್ಚಾದ ಮೆಟ್ಟಿಲುಗಳಿಗೆ ಸಮವಾಗುತ್ತದೆ ಎಂಬ ವಾದ. ಕೇಳಲು ಸರಿಯಾಗಿಯೇ ಇತ್ತು, ಅಂಕಿಗಳೂ ಅದಕ್ಕೆ ತಕ್ಕಂತೆ ಬಂದವು. 1943ರ ಜನವರಿಯ ಸೇವ್‌ನಲ್ಲಿ ದೊಡ್ಡ ದೇಶಗಳ ಪಟ್ಟಿ ತುಂಬಿತ್ತು, ಬಂದೂಕು 1942ರದು, ಟ್ಯಾಂಕು 1943ರ ಹೊಸ್ತಿಲಲ್ಲಿತ್ತು. ಇದನ್ನೇ ಬಿಡುಗಡೆ ಮಾಡೋಣ ಎಂದು ಇತಿಹಾಸ ನೋಡಿಕೊಳ್ಳುವವರೂ ಒಪ್ಪಿದರು.

ಆದರೆ ಯುದ್ಧದ ಫಲಿತಾಂಶ ಬೇರೆಯೇ ಹೇಳುತ್ತಿತ್ತು. ಓಟದ ಮೇಲೆ ಓಟ ಜರ್ಮನಿ ಮೊದಲಿಗಿಂತ ಬೇಗ ಸುಸ್ತಾಗುತ್ತಿತ್ತು. ಸೋವಿಯತ್ ಡಿವಿಷನ್‌ಗಳು ಅರ್ಧ ಸಲಕರಣೆಯಲ್ಲಿ ನಿಂತಿದ್ದವು. ತಂತ್ರಜ್ಞಾನ ಮುಂದೆ ಹೋಗಿದೆ, ಸೇನೆ ಸೊರಗಿದೆ. ಎರಡು ವಾರ ಯಾರಿಗೂ ಇದು ಅರ್ಥವಾಗಲಿಲ್ಲ. ಲಾಗ್‌ನಲ್ಲಿ ಸಂಶೋಧನೆಯ ಸಾಲಿನ ಪಕ್ಕ ಇನ್ನೊಂದು ಅಂಕಿಯನ್ನೂ ಬರೆಸಬೇಕು ಎಂದು ಪರೀಕ್ಷೆ ನಡೆಸುವವರಿಗೆ ಹೊಳೆದದ್ದು ಆಗ: ಗೋದಾಮಿನಲ್ಲಿ ಎಷ್ಟು ಬಂದೂಕು ಉಳಿದಿದೆ, ಎಷ್ಟು ಕೊರತೆ ಇದೆ.

ಉತ್ತರ ಉತ್ಪಾದನೆಯಲ್ಲಿತ್ತು. ಆಟದಲ್ಲಿ ಹೊಸ ಉತ್ಪಾದನಾ ಲೈನ್ 10% ದಕ್ಷತೆಯಿಂದ ಶುರುವಾಗಿ ನಿಧಾನವಾಗಿ ಮಿತಿಯ ಕಡೆಗೆ ಏರುತ್ತದೆ. ಆ ಮಿತಿ ಮೊದಲಿಗೆ 50%, ಯಂತ್ರೋಪಕರಣಗಳ ಸಂಶೋಧನೆ ಮಾಡಿದಂತೆಲ್ಲ ಮೇಲೇರುತ್ತದೆ. ಲೈನಿನಲ್ಲಿ ತಯಾರಾಗುವ ವಸ್ತುವನ್ನು ಬದಲಿಸಿದರೆ ಗಳಿಸಿದ ದಕ್ಷತೆಯಲ್ಲಿ ಒಂದು ಪಾಲು ಹೋಗುತ್ತದೆ. ಹತ್ತಿರದ ಸಂಬಂಧದ್ದಾದರೆ ಸ್ವಲ್ಪ, ಸಂಬಂಧವೇ ಇಲ್ಲದ್ದಾದರೆ ಬಹುತೇಕ ಎಲ್ಲವೂ. ನಮ್ಮ ಮಾಡ್‌ನಲ್ಲಿ ಎಐ ಹೊಸ ಟ್ಯಾಂಕ್ ಕಲಿತ ಕೂಡಲೇ ಲೈನ್ ಬದಲಿಸುತ್ತಿತ್ತು. ವೇಗದ ಬೋನಸ್ ಸಿಕ್ಕ ಮೇಲೆ ಕೆಲವೇ ತಿಂಗಳಿಗೊಂದು ಹೊಸ ಮಾದರಿ. ಕಾರ್ಖಾನೆಗಳು ಯಾವ ಮಾದರಿಯಲ್ಲೂ ಪಳಗದೆ ಮತ್ತೆ ಮತ್ತೆ ಆರಂಭಕ್ಕೆ ಬರುತ್ತಿದ್ದವು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಇಲ್ಲಿದೆ. ಸಂಶೋಧನೆಯನ್ನು ಸಂಶೋಧನೆಯ ಅಳತೆಗೋಲಿನಿಂದಲೇ ಅಳೆದಾಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಕಲಿತದ್ದು ಸೈನಿಕನ ಕೈಗೆ ತಲುಪಿತೇ ಎಂದು ಕೇಳಿದಾಗ ಮಾತ್ರ ನಿಜ ಸ್ಥಿತಿ ತಿಳಿಯುತ್ತದೆ.

ಇತಿಹಾಸ ನೋಡಿಕೊಳ್ಳುವವರು ಆಗ ಮುಂದಿಟ್ಟ ಎರಡು ಸಂಗತಿಗಳು ತಂಡದ ಮನಸ್ಸನ್ನು ತಿರುಗಿಸಿದವು. ಒಂದು ಬ್ರಿಟನ್ನಿನದು. 1940ರಲ್ಲಿ ಡಂಕರ್ಕ್‌ನಿಂದ ಸೇನೆ ಹಿಂದಿರುಗಿದಾಗ ಟ್ಯಾಂಕ್ ನಿರೋಧಕ ಗನ್‌ಗಳ ದೊಡ್ಡ ಪಾಲು ಫ್ರಾನ್ಸಿನಲ್ಲೇ ಉಳಿದಿತ್ತು. ಹೆಚ್ಚು ಬಲವಾದ 6 ಪೌಂಡರ್ ಗನ್ನಿನ ವಿನ್ಯಾಸ ಕೈಯಲ್ಲಿದ್ದರೂ ಬ್ರಿಟನ್ ಹಳೆಯ 2 ಪೌಂಡರ್ ಅನ್ನೇ ತಯಾರಿಸುತ್ತ ಹೋಯಿತು. ದಾಳಿಯ ಭಯವಿದ್ದ ಆ ಹೊತ್ತಿನಲ್ಲಿ ಲೈನ್ ಬದಲಿಸಿ ಕೈ ಖಾಲಿ ಮಾಡಿಕೊಳ್ಳುವುದಕ್ಕಿಂತ ಹಳೆಯ ಗನ್ನೇ ಮೇಲು ಎಂಬ ಲೆಕ್ಕ. 6 ಪೌಂಡರ್ ತಯಾರಿಕೆ ಶುರುವಾದದ್ದು 1941ರ ಕೊನೆಗೆ. ಇನ್ನೊಂದು ಸೋವಿಯತ್ ಒಕ್ಕೂಟದ್ದು. 1943ರಲ್ಲಿ ಟಿ-34ರ ಜಾಗಕ್ಕೆ ಟಿ-43 ಎಂಬ ಹೊಸ ಟ್ಯಾಂಕಿನ ಮಾದರಿ ಸಿದ್ಧವಾಗಿತ್ತು. ಅದನ್ನು ತಯಾರಿಕೆಗೆ ತಂದರೆ ಲೈನ್‌ಗಳ ಓಟ ಮುರಿಯುತ್ತದೆ ಎಂದು ಕೈಬಿಟ್ಟು, ಇದ್ದ ಟಿ-34ಕ್ಕೇ ದೊಡ್ಡ ಗೋಪುರ, 85 ಮಿಲಿಮೀಟರ್ ಗನ್ ಕೂರಿಸಿದರು. ಆ ಟ್ಯಾಂಕು 1944ರ ಆರಂಭದಿಂದ ರಣರಂಗಕ್ಕೆ ಬಂತು. ಯುದ್ಧ ಗೆದ್ದ ಎರಡೂ ದೇಶಗಳು ಗೊತ್ತಿದ್ದೂ ಹಳೆಯದನ್ನು ಆರಿಸಿಕೊಂಡ ಗಳಿಗೆಗಳಿವು. ಅಂಥ ಆಯ್ಕೆಯ ಸಾಧ್ಯತೆಯೇ ನಮ್ಮ ಎಐ ದೇಶಗಳಿಗೆ ಇರಲಿಲ್ಲ.

ಬೋನಸ್ ತೆಗೆದರು.

ಎರಡನೇ ಪ್ರಯತ್ನ: ಇತಿಹಾಸದ ವೇಳಾಪಟ್ಟಿ

ಈಗ ಇತಿಹಾಸದ ಮಾತು ಮೇಲುಗೈಯಾಗಿತ್ತು. ಹಾಗಿದ್ದರೆ ಇತಿಹಾಸವನ್ನೇ ಬರೆದುಬಿಡೋಣ ಎಂದಾಯಿತು. ಜರ್ಮನಿ ಯಾವ ವರ್ಷ ಯಾವುದನ್ನು ಕಲಿಯಬೇಕು, ಜಪಾನ್ ಯಾವಾಗ ವಿಮಾನವಾಹಕ ನೌಕೆಗೆ ಕೈಹಾಕಬೇಕು ಎಂದು ದೊಡ್ಡ ದೇಶಗಳಿಗೆ ಒಂದೊಂದು ಪಟ್ಟಿ ಸಿದ್ಧವಾಯಿತು. ಪಟ್ಟಿಯಲ್ಲಿರುವುದಕ್ಕೆ ಆ ವರ್ಷ ಭಾರೀ ತೂಕ, ಉಳಿದದ್ದಕ್ಕೆ ನಗಣ್ಯ.

ಐತಿಹಾಸಿಕ ಫೋಕಸ್ ಆಯ್ಕೆ ಹಾಕಿಕೊಂಡು ಆಡುವವರಿಗೆ ಇದು ಬಹಳ ಚೆನ್ನಾಗಿ ಹೊಂದಿತು. ಟೈಗರ್, ಪ್ಯಾಂಥರ್ ಟ್ಯಾಂಕುಗಳು ಹೆಚ್ಚುಕಡಿಮೆ ತಮ್ಮ ಕಾಲಕ್ಕೆ ಬಂದವು. ಆದರೆ ಈ ಆಟದ ಅರ್ಧ ಸೊಗಸು ಇರುವುದೇ ಇತಿಹಾಸ ದಾರಿ ತಪ್ಪಿದಾಗ. ಜರ್ಮನಿಯಲ್ಲಿ ಹಳೆಯ ಚಕ್ರವರ್ತಿ ಕೈಸರ್ ಹಿಂದಿರುಗಿದ ಓಟಗಳಲ್ಲಿ ಬ್ರಿಟನ್ನಿನ ಜೊತೆ ಯುದ್ಧವೇ ಇಲ್ಲ, ಆದರೂ ಪಟ್ಟಿ ಹೇಳಿತೆಂದು ಜರ್ಮನಿ ಯು-ಬೋಟ್ (ಜಲಾಂತರ್ಗಾಮಿ) ಸಂಶೋಧನೆ ಮಾಡುತ್ತಲೇ ಇತ್ತು. ಫ್ರಾನ್ಸ್ 1940ರಲ್ಲಿ ಬೀಳುತ್ತದೆಂದು ಪಟ್ಟಿ ಬರೆದವರು ಅದರ ಮುಂದಿನ ವರ್ಷಗಳನ್ನು ಖಾಲಿ ಬಿಟ್ಟಿದ್ದರು. ಉಳಿದುಕೊಂಡ ಫ್ರಾನ್ಸ್ 1942ರಲ್ಲಿ ಏನನ್ನು ಆರಿಸಬೇಕೆಂದು ತಿಳಿಯದೆ ಸಿಕ್ಕಿದ್ದನ್ನು ಆರಿಸುತ್ತಿತ್ತು. ಎಣ್ಣೆ ಸಿಗದೆ ನೌಕೆಗಳನ್ನು ಬಂದರಿನಲ್ಲೇ ನಿಲ್ಲಿಸಿದ ಜಪಾನ್ ಇನ್ನೂ ದೊಡ್ಡ ನೌಕೆಗಳ ಒಡಲನ್ನು ಕಲಿಯುತ್ತಿತ್ತು. ಮೊದಲ ಪ್ರಯತ್ನದಲ್ಲಿ ಎಲ್ಲ ದೇಶಗಳೂ ಒಂದೇ ಆಗಿದ್ದವು, ಇಲ್ಲಿ ಪ್ರತಿ ದೇಶವೂ ತನ್ನ ಸುತ್ತಲಿಗೆ ಕುರುಡಾಯಿತು.

ತಂಡದಲ್ಲಿ ಬಿರುಕು ಕಂಡದ್ದೂ ಇದೇ ಹಂತದಲ್ಲಿ. ಪಟ್ಟಿ ಬರೆಯಲು ತಿಂಗಳುಗಟ್ಟಲೆ ಓದಿದ್ದವರಿಗೆ ಅದನ್ನು ಬಿಡುವ ಮನಸ್ಸಿರಲಿಲ್ಲ. ಅದು ಸಹಜ. ಅವರ ಶ್ರಮ ಮುಂದೆ ಕೆಲಸಕ್ಕೆ ಬಂದದ್ದು ಇನ್ನೊಂದು ರೂಪದಲ್ಲಿ. ಅದಕ್ಕೆ ಕಾರಣವಾದದ್ದು ಯಾರೂ ಅಷ್ಟು ಗಮನ ಕೊಡದಿದ್ದ ಒಂದು ದೇಶ.

ಬೆಂಗಳೂರಿನ ವಿಮಾನ ಮತ್ತು ಬದಲಾದ ಪ್ರಶ್ನೆ

ಸಣ್ಣ ದೇಶಗಳಿಗೆ ಪಟ್ಟಿ ಬರೆಯುವಷ್ಟು ಸಮಯ ಇರಲಿಲ್ಲ. ಹಾಗಾಗಿ ಅವುಗಳಿಗೆ ಟ್ಯಾಂಕ್, ವಿಮಾನ, ದೊಡ್ಡ ನೌಕೆಗಳ ತೂಕವನ್ನು ಸೊನ್ನೆಗೆ ಇಳಿಸಿದ್ದರು. ಆ ಸಣ್ಣ ದೇಶಗಳ ಸಾಲಿನಲ್ಲಿ ಬ್ರಿಟಿಷ್ ರಾಜ್ ಕೂಡ ಇತ್ತು. ಪರೀಕ್ಷೆಗೆ ನೆರವಾಗುತ್ತಿದ್ದ ಒಬ್ಬರು ಇದಕ್ಕೆ ತಕರಾರು ತೆಗೆದರು: ಬೆಂಗಳೂರಿನಲ್ಲಿ ಯುದ್ಧಕಾಲದಲ್ಲೇ ವಿಮಾನ ತಯಾರಾಗಿದೆಯಲ್ಲ, ರಾಜ್‌ಗೆ ವಿಮಾನವೇ ಬೇಡವೆಂದರೆ ಹೇಗೆ?

ಮಾತು ನಿಜ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದೊಂದಿಗೆ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1941ರಲ್ಲಿ ಅಲ್ಲಿಂದ ಹಾರ್ಲೋ ತರಬೇತಿ ವಿಮಾನ ಹೊರಬಂತು, 1942ರಲ್ಲಿ ಕರ್ಟಿಸ್ ಹಾಕ್ ಫೈಟರ್. 1943ರ ಹೊತ್ತಿಗೆ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಗಿ ಬದಲಾಯಿತು. ಇತಿಹಾಸ ನೋಡಿಕೊಳ್ಳುವವರು ಇದಕ್ಕೆ ಕೊಟ್ಟ ಉತ್ತರವೂ ಅಷ್ಟೇ ನಿಜ: ಹಾರ್ಲೋ, ಹಾಕ್ ಎರಡೂ ಅಮೆರಿಕದ ವಿನ್ಯಾಸಗಳು. ರಾಜ್ ಅವುಗಳನ್ನು ಸಂಶೋಧಿಸಲಿಲ್ಲ, ಜೋಡಿಸಿ ಹಾರಿಸಿತು.

ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟಾಗ ತಂಡ ಅದುವರೆಗೆ ಕೇಳುತ್ತಿದ್ದ ಪ್ರಶ್ನೆಯೇ ಬದಲಾಯಿತು. ಈ ದೇಶ ಯಾವುದನ್ನು ಕಂಡುಹಿಡಿಯಬಲ್ಲದು ಎಂದು ಕೇಳುತ್ತಿದ್ದವರು, ಈ ದೇಶದ ಸೇನೆಗೆ ಆ ಆಯುಧ ಎಲ್ಲಿಂದ ಬಂತು ಎಂದು ಕೇಳತೊಡಗಿದರು. ಹಾಗೆ ಕೇಳಿದ ಕೂಡಲೇ ಉಳಿದ ಸಣ್ಣ ದೇಶಗಳೂ ಅರ್ಥವಾಗತೊಡಗಿದವು. ಹಂಗೇರಿಯ ಟೋಲ್ಡಿ ಟ್ಯಾಂಕು ಸ್ವೀಡನ್ನಿನ ಲ್ಯಾಂಡ್ಸ್‌ವೆರ್ಕ್ ವಿನ್ಯಾಸದಿಂದ ಬಂದದ್ದು, ಟುರಾನ್ ಟ್ಯಾಂಕಿನ ಮೂಲ ಚೆಕ್ ದೇಶದ ಸ್ಕೋಡಾ. ರೊಮೇನಿಯಾದ ಆರ್-2 ಟ್ಯಾಂಕೂ ಸ್ಕೋಡಾದ್ದೇ. ರೊಮೇನಿಯಾ ಬ್ರಶೋವ್‌ನಲ್ಲಿ ಸ್ವಂತವಾಗಿ ರೂಪಿಸಿದ ಐಎಆರ್ 80 ಫೈಟರ್‌ಗೂ ಎಂಜಿನ್ ಫ್ರಾನ್ಸಿನ ನೋಮ್-ರೋನ್ ಎಂಜಿನ್ನಿನ ವಂಶದ್ದು. ಫಿನ್‌ಲೆಂಡ್ 1943ರಲ್ಲಿ ಹಾರಿಸಿದ್ದು ಜರ್ಮನಿಯಿಂದ ಬಂದ ಮೆಸ್ಸರ್‌ಶ್ಮಿಟ್. ದೊಡ್ಡ ದೇಶಗಳೂ ಇದಕ್ಕೆ ಹೊರತಲ್ಲ: ಜಪಾನಿನ ಕಿ-61 ಫೈಟರ್‌ನ ಎಂಜಿನ್ ಡೈಮ್ಲರ್-ಬೆಂಜ್ 601ರ ಪರವಾನಗಿಯಲ್ಲಿ ತಯಾರಾದದ್ದು. 1940ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಟಿಜಾರ್ಡ್ ನಿಯೋಗ ಅಮೆರಿಕಕ್ಕೆ ಒಯ್ದ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸೂಕ್ಷ್ಮತರಂಗ ಹುಟ್ಟಿಸುವ ಸಾಧನ ರೇಡಾರ್‌ನ ದಿಕ್ಕನ್ನೇ ಬದಲಿಸಿತು, ಅದನ್ನು ಕಂಡುಹಿಡಿದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ತಂತ್ರಜ್ಞಾನ ಆ ಯುದ್ಧದಲ್ಲಿ ಗಡಿ ದಾಟಿ ಹರಿದಾಡಿತ್ತು. ನಮ್ಮ ಮಾಡ್‌ನಲ್ಲಿ ಪ್ರತಿ ದೇಶವೂ ತನ್ನ ಗೋಡೆಯೊಳಗೆ ಒಂಟಿಯಾಗಿ ಕೂತಿತ್ತು.

ಇದಕ್ಕೆ ಬೇಕಾದ ಸಾಧನಗಳು ಆಟದಲ್ಲೇ ಇದ್ದವು. 2016ರ ಡಿಸೆಂಬರ್‌ನಲ್ಲಿ ಬಂದ ‘ಟುಗೆದರ್ ಫಾರ್ ವಿಕ್ಟರಿ’ ಕಾಮನ್‌ವೆಲ್ತ್ ದೇಶಗಳಿಗೆ ತಂತ್ರಜ್ಞಾನ ಹಂಚಿಕೆಯ ಕೂಟ ತಂದಿತ್ತು: ಕೂಟದ ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರು ಬೇಗ ಕಲಿಯಬಹುದು. 2017ರ ಜೂನ್‌ನಲ್ಲಿ ಬಂದ ‘ಡೆತ್ ಆರ್ ಡಿಸಾನರ್’ ಸಲಕರಣೆಗಳನ್ನು ಪರವಾನಗಿಯ ಮೇಲೆ ತಯಾರಿಸುವ ದಾರಿ ತೆರೆದಿತ್ತು. ತಂಡಕ್ಕೆ ಇವೆರಡೂ ಗೊತ್ತಿದ್ದವು, ಆದರೆ ಸಂಶೋಧನೆಯ ಸಮತೋಲನಕ್ಕೂ ಇವಕ್ಕೂ ಸಂಬಂಧ ಕಲ್ಪಿಸಿರಲಿಲ್ಲ.

ಮೂರನೇ ಪ್ರಯತ್ನ: ಸ್ಥಿತಿ ನೋಡಿ ತೂಕ

ಫೈಲ್ ಬರೆಯುವವರು ತೂಕಗಳನ್ನು ಮೊದಲಿನಿಂದ ಕಟ್ಟಿದರು. ಬಾಗಿಲುಗಳ ಸಮಸ್ಯೆಗೆ ಪರಿಹಾರ ಸುಲಭವಾಗಿತ್ತು: ತೂಕ ಕೊಂಬೆಗೆ, ಬಾಗಿಲಿಗಲ್ಲ. ಟ್ಯಾಂಕಿನ ಕೊಂಬೆಗೆ ಇಷ್ಟು ಎಂದು ಗೊತ್ತುಮಾಡಿ, ಒಂದೇ ಹೊತ್ತಿಗೆ ತೆರೆದಿರಬಹುದಾದ ಬಾಗಿಲುಗಳಿಗೆ ಅದನ್ನು ಹಂಚಿದರು. ಎಲ್ಲ ದೇಶಗಳಿಗೂ ಸಾಮಾನ್ಯವಾದ ತಳಪಾಯ ಯಂತ್ರೋಪಕರಣ, ಕಟ್ಟಡ ಕಾಮಗಾರಿ, ಸಂಶೋಧನೆಯ ವೇಗ ಹೆಚ್ಚಿಸುವ ಎಲೆಕ್ಟ್ರಾನಿಕ್ಸ್ ಮತ್ತು ಬಂದೂಕು. ಇವು ಇಸವಿಗೆ ಹಿಂದೆ ಬಿದ್ದಷ್ಟೂ ಅವುಗಳ ತೂಕ ತಾನೇ ಏರುತ್ತದೆ. ಇಸವಿಗಿಂತ ಮುಂದಿನದಕ್ಕೆ ರಿಯಾಯಿತಿ ಕೈಯಲ್ಲಿದ್ದರೆ ಮಾತ್ರ ಹೋಗಬೇಕು.

ಅದರ ಮೇಲಿನದೆಲ್ಲ ಷರತ್ತುಗಳು. ಇಂಧನ ಬರಿದಾಗುತ್ತಿದ್ದರೆ ಟ್ಯಾಂಕ್, ದೊಡ್ಡ ನೌಕೆಗಳ ತೂಕ ಇಳಿಯುತ್ತದೆ, ಕೃತಕ ತೈಲದ್ದು ಏರುತ್ತದೆ. ಟ್ಯಾಂಕ್ ಬಲವಿರುವ ದೇಶದ ಜೊತೆ ಯುದ್ಧವಿದ್ದರೆ ಟ್ಯಾಂಕ್ ನಿರೋಧಕ ಗನ್ ಮೇಲೆ ಬರುತ್ತದೆ. ನೆಲ ಕಳೆದುಕೊಂಡು ಶರಣಾಗತಿಯ ಅಂಚಿಗೆ ಹೋದಂತೆಲ್ಲ ಐದು ವರ್ಷದ ಮುಂದಿನ ಕನಸುಗಳು ಬಿದ್ದುಹೋಗಿ ಬಂದೂಕು, ಫಿರಂಗಿ ಮಾತ್ರ ಉಳಿಯುತ್ತವೆ. ಸೇನಾ ಕಾರ್ಖಾನೆಗಳು ಒಂದು ಮಿತಿಗಿಂತ ಕಡಿಮೆ ಇರುವ ದೇಶಕ್ಕೆ ಭಾರೀ ಕೊಂಬೆಗಳು ಮುಚ್ಚಿರುತ್ತವೆ, ಆದರೆ ಮೊದಲಿನಂತೆ ಶಾಶ್ವತವಾಗಿ ಅಲ್ಲ. ಕಾರ್ಖಾನೆ ಬೆಳೆದರೆ ಬಾಗಿಲು ತೆರೆಯುತ್ತದೆ. ಪಟ್ಟಿ ಬರೆದವರ ಶ್ರಮ ಇಲ್ಲಿ ಸೇರಿತು. ಜಪಾನಿಗೆ ನೌಕೆಯ ಕಡೆ, ಸೋವಿಯತ್‌ಗೆ ಟ್ಯಾಂಕಿನ ಕಡೆ ಒಲವು ಉಳಿಯಿತು, ಆಜ್ಞೆಯಾಗಿ ಉಳಿಯಲಿಲ್ಲ.

ಲೈನ್ ಬದಲಾಗುವ ಸಮಸ್ಯೆಗೆ ಕಂಡ ಉಪಾಯ ನನಗೆ ವಿಶೇಷವಾಗಿ ಇಷ್ಟವಾಯಿತು. ಒಂದು ದೇಶ ಹೊಸ ಟ್ಯಾಂಕ್ ಕಲಿತೊಡನೆ ಅದರ ಮೇಲೆ ನಿಗದಿತ ದಿನಗಳ ಒಂದು ಗುರುತು ಬೀಳುತ್ತದೆ. ಆ ಗುರುತು ಅಳಿಯುವವರೆಗೆ ಅದೇ ಕೊಂಬೆಯ ಮುಂದಿನ ಮಾದರಿಯ ತೂಕ ಕೆಳಗಿರುತ್ತದೆ. ಕಾರ್ಖಾನೆ ಪಳಗಲು ಬೇಕಾದ ಆ ಬಿಡುವಿನಲ್ಲಿ ಸ್ಲಾಟುಗಳು ಡಾಕ್ಟ್ರಿನ್ ಕಡೆಗೆ ಹೋದವು. ಎರಡು ಹಳೆಯ ರೋಗಗಳಿಗೆ ಒಂದೇ ಮದ್ದು ಸಿಕ್ಕಿತು.

ಸಣ್ಣ ದೇಶಗಳಿಗೆ ಪರವಾನಗಿಯ ದಾರಿ ತೋರಿಸುವುದು ಮಾತ್ರ ಕಷ್ಟವಾಯಿತು. ನಮ್ಮ ಓಟಗಳಲ್ಲಿ ಎಐ ತಾನಾಗಿ ಪರವಾನಗಿ ಕೇಳುತ್ತಿದ್ದುದು ಬಹಳ ಅಪರೂಪ. ಕೊನೆಗೆ ಮಾಡ್‌ನೊಳಗೇ ಒಂದು ಘಟನೆ ಸೇರಿಸಿದರು: ಬಣದ ಮುಖ್ಯಸ್ಥ ದೇಶಕ್ಕೆ ಬಹಳ ಹಿಂದೆಯೇ ಗೊತ್ತಿದ್ದ ಒಂದು ಆಯುಧ ಮಿತ್ರ ದೇಶಕ್ಕೆ ಇಲ್ಲದಿದ್ದರೆ, ಮಿತ್ರನಿಗೆ ಅದರ ಮೇಲೆ ಸಂಶೋಧನಾ ರಿಯಾಯಿತಿ ಸಿಗುತ್ತದೆ. ಮುಖ್ಯಸ್ಥನಿಗಿಂತ ಒಂದು ಪೀಳಿಗೆ ಹಿಂದಿನದು ಮಾತ್ರ. ಕೊಟ್ಟವನು ಮುಂದೆಯೇ ಇರುತ್ತಾನೆ, ಪಡೆದವನು ಬರಿಗೈಯಲ್ಲಿರುವುದಿಲ್ಲ.

ಆದದ್ದು

ಓಟಗಳು ಮತ್ತೆ ಶುರುವಾದವು. ದೊಡ್ಡ ದೇಶಗಳ ಸಂಶೋಧನಾ ಪಟ್ಟಿ ವೇಗದ ಬೋನಸ್ ಇದ್ದಾಗಿನದಕ್ಕಿಂತ ಚಿಕ್ಕದು, ಆದರೆ ಗೋದಾಮಿನ ಕೊರತೆಯ ಅಂಕಿ ಸ್ಪಷ್ಟವಾಗಿ ಇಳಿಯಿತು. 1943ರಲ್ಲಿ ಜರ್ಮನಿಯ ಬಳಿ 1941ರ ಟ್ಯಾಂಕು ಇರುತ್ತಿತ್ತು, ಡಿವಿಷನ್ ತುಂಬುವಷ್ಟು ಇರುತ್ತಿತ್ತು. ಪ್ಯಾಂಥರ್ ಬಂದ ಮೇಲೂ ಯುದ್ಧದ ಕೊನೆಯವರೆಗೆ ಪ್ಯಾಂಜರ್ 4 ತಯಾರಿಸಿದ ನಿಜ ಜರ್ಮನಿಗೆ ಇದು ದೂರವಲ್ಲ. ಪೂರ್ವ ರಂಗ ಹೆಚ್ಚು ಕಾಲ ತೂಗಾಡಿತು. ರೊಮೇನಿಯಾ ಒಳ್ಳೆಯ ಕಾಲಾಳು, ಸ್ವಲ್ಪ ಹಳೆಯ ಫೈಟರ್ ಇಟ್ಟುಕೊಂಡು ಜರ್ಮನಿಯ ಪಕ್ಕದಲ್ಲಿ ನಿಲ್ಲುವಂತಾಯಿತು. ಬ್ರಿಟಿಷ್ ರಾಜ್‌ನ ಮೊದಲ ಫೈಟರ್ ಹೆಚ್ಚಿನ ಓಟಗಳಲ್ಲಿ ಕಾಮನ್‌ವೆಲ್ತ್ ಕೂಟದ ಮೂಲಕವೇ ಬಂತು.

ಎಲ್ಲರೂ ಒಪ್ಪಲಿಲ್ಲ. ಪಳಗಿದ ಆಟಗಾರರು 1944ರ ನಂತರ ಎಐ ಸುಲಭವಾಯಿತು ಎಂದರು. ಅವರು ಹೇಳಿದ್ದು ನಿಜವೇ: ಫೋಕಸ್ ರಿಯಾಯಿತಿಗಳನ್ನು ಕೂಡಿಟ್ಟು ಇಸವಿಗಿಂತ ಮುಂದೆ ಓಡುವುದರಲ್ಲಿ ಮನುಷ್ಯನನ್ನು ಯಾವ ತೂಕವೂ ಹಿಡಿಯಲಾರದು. ಮತ್ತೆ ಒಂದು ಸಣ್ಣ ಬೋನಸ್ ಸೇರಿಸಿಬಿಡೋಣ ಎಂಬ ಮಾತು ಬಂದಾಗ ತಂಡ ಒಪ್ಪಲಿಲ್ಲ. ಎಐಗೆ ಯಾರಿಗೂ ಕಾಣದಂತೆ ಬಲ ತುಂಬಿದರೆ ಆಟಗಾರ ಸೋತಾಗ ಏಕೆ ಸೋತೆ ಎಂದು ಕಲಿಯುವ ದಾರಿಯೇ ಮುಚ್ಚುತ್ತದೆ ಎಂಬುದು ಅವರ ವಾದ. ಆಟದಲ್ಲೇ ಬೇಕಾದ ದೇಶಕ್ಕೆ ಬಲ ಹೆಚ್ಚಿಸುವ ಸ್ಲೈಡರ್‌ಗಳಿವೆ, ಬೇಕೆನ್ನುವವರು ತಾವೇ ಗೊತ್ತಿದ್ದು ಹಾಕಿಕೊಳ್ಳಲಿ ಎಂದರು. ಆ ತೀರ್ಮಾನವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಐ ದೇಶ ಸೋಲುವುದಿದ್ದರೆ ತನ್ನ ಎಣ್ಣೆ, ಕಾರ್ಖಾನೆ, ಮಿತ್ರರ ಲೆಕ್ಕದಲ್ಲಿ ಸೋಲಲಿ. ಗೆದ್ದರೂ ಅದೇ ಲೆಕ್ಕದಲ್ಲಿ ಗೆಲ್ಲಲಿ. ಆಗ ಆ ದೇಶದ ನಡೆಗೆ ಒಂದು ಅರ್ಥವಿರುತ್ತದೆ, ಅದರ ಎದುರು ಕೂತವನಿಗೆ ಒಂದು ಯುದ್ಧ ಸಿಗುತ್ತದೆ.

ಅಮೆರಿಕದ ವಿಷಯ ಕೊನೆಯವರೆಗೂ ತೊಡಕಾಗಿಯೇ ಇತ್ತು. ತೂಕಗಳು ಯುದ್ಧ, ಅಪಾಯಗಳಿಗೆ ಕಟ್ಟಿದ್ದರಿಂದ ಶಾಂತಿಯಲ್ಲಿದ್ದ ಅಮೆರಿಕ 1941ರವರೆಗೆ ಅಲುಗಾಡುತ್ತಿರಲಿಲ್ಲ, ಯುದ್ಧಕ್ಕೆ ಇಳಿದಾಗ ಎಲ್ಲದರಲ್ಲೂ ಹಿಂದಿರುತ್ತಿತ್ತು. ಅಣುಶಕ್ತಿಯ ಕೊಂಬೆ ಹಲವು ಓಟಗಳಲ್ಲಿ ಮುಟ್ಟಿದಂತೆಯೇ ಇರಲಿಲ್ಲ. ನಿಜ ಅಮೆರಿಕ 1945ರ ಜುಲೈ 16ಕ್ಕೆ ಟ್ರಿನಿಟಿ ಪರೀಕ್ಷೆ ಮಾಡಿತ್ತು. ಅದರ ತೂಕಗಳನ್ನು ಜಗತ್ತಿನ ಉದ್ವಿಗ್ನತೆಯ ಅಂಕಿಗೆ ಕಟ್ಟಿದ ಮೇಲೆ ನಡೆ ಸುಧಾರಿಸಿತು, ಸಮಾಧಾನ ತರುವಷ್ಟಲ್ಲ.

ಇಂಥದೇ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಲಾಗ್ ಬರೆಸುವಾಗ ಸಂಶೋಧನೆಯ ಪಕ್ಕ ಗೋದಾಮಿನ ಅಂಕಿಯನ್ನೂ, ಲೈನ್ ಬದಲಾದ ದಿನವನ್ನೂ ಮೊದಲ ರಾತ್ರಿಯಿಂದಲೇ ಬರೆಸಿ. ನಮ್ಮ ತಂಡ ಆ ಎರಡು ಅಂಕಣಗಳಿಲ್ಲದೆ ನಡೆಸಿದ ಓಟಗಳಿಂದ ಆಮೇಲೆ ಏನನ್ನೂ ಹೆಕ್ಕಲಾಗಲಿಲ್ಲ.

2021ರ ನವೆಂಬರ್‌ನಲ್ಲಿ ‘ನೋ ಸ್ಟೆಪ್ ಬ್ಯಾಕ್’ ಬಂದಾಗ ಡಾಕ್ಟ್ರಿನ್ ಸಂಶೋಧನೆಯಿಂದ ಹೊರಬಿದ್ದು ಸೇನೆಯ ಅನುಭವದಿಂದ ಕೊಳ್ಳುವ ವಸ್ತುವಾಯಿತು. ಟ್ಯಾಂಕನ್ನು ಆಟಗಾರನೇ ಬಿಡಿಭಾಗಗಳಿಂದ ವಿನ್ಯಾಸ ಮಾಡುವಂತಾಯಿತು. ಡಾಕ್ಟ್ರಿನ್‌ಗೆ ಬರೆದ ತೂಕಗಳನ್ನು ಕಿತ್ತುಹಾಕಬೇಕಾಯಿತು, ಟ್ಯಾಂಕಿನ ಬಾಗಿಲುಗಳನ್ನು ಮತ್ತೆ ಎಣಿಸಬೇಕಾಯಿತು. ಇಂಧನ, ಕಾರ್ಖಾನೆ, ಶರಣಾಗತಿಯ ಷರತ್ತುಗಳು ಇದ್ದಲ್ಲೇ ಉಳಿದವು. ಮಿತ್ರ ದೇಶಗಳ ರಿಯಾಯಿತಿಯ ಘಟನೆಯನ್ನು ಒಂದು ಸಾಲೂ ಬದಲಿಸದೆ ಹೊಸ ಆವೃತ್ತಿಗೆ ತಂದರು.